ಮತ ಎಣಿಕೆಯ ಮರುದಿನ

ನಮ್ಮ ಕರಾವಳಿಯಲ್ಲಿ ತಾಳಮದ್ದಳೆಯನ್ನು ಕೇಳದ ಗೃಹಸ್ಥರು ವಿರಳ. ಕೃಷ್ಣನ ಅರ್ಥವನ್ನು ಹೇಳುವವರೂ ಕೌರವನ ಅರ್ಥವನ್ನು ಹೇಳುವವರೂ ಎದುರುಬದುರಾಗಿ ಕುಳಿತು, ಒಬ್ಬರ ಮಾತನ್ನು ಇನ್ನೊಬ್ಬರು ಖಂಡಿಸುತ್ತ, ಸಭೆಯು ನಿದ್ದೆಯನ್ನು ಮರೆಯುವಂತೆ ವಾದಿಸುವರು. ಮಂಗಳ ಹಾಡಿದ ಬಳಿಕ ಅವರೇ ಒಂದೇ ಪಂಕ್ತಿಯಲ್ಲಿ ಕುಳಿತು ಉಪಾಹಾರವನ್ನು ತೆಗೆದುಕೊಳ್ಳುವರು. ಸೋತವರಿಗೆ ಅವಮಾನವಿಲ್ಲ, ಗೆದ್ದವರಿಗೆ ಮದವಿಲ್ಲ. ಈ ಪದ್ಧತಿಯನ್ನು ಬಲ್ಲ ನಾವೇ ಚುನಾವಣೆ ಕಳೆದು ತಿಂಗಳಾದರೂ ನೆರೆಮನೆಯವರ ಮುಖವನ್ನು ನೋಡದೆ ಇರುವೆವಾದರೆ, ಅದನ್ನು ಏನೆಂದು ಹೇಳೋಣ?

2024ನೆಯ ಇಸವಿಯ ಜೂನ್ 4ರಂದು ದಕ್ಷಿಣಕನ್ನಡ ಲೋಕಸಭಾ ಕ್ಷೇತ್ರದ ಮತಗಳ ಎಣಿಕೆಯಾಯಿತು. ಗೆದ್ದವರಿಗೆ ಸುಮಾರು 7 ಲಕ್ಷ 64 ಸಾವಿರ ಮತಗಳೂ, ಅವರ ಮುಖ್ಯ ಎದುರಾಳಿಗೆ ಸುಮಾರು 6 ಲಕ್ಷ 14 ಸಾವಿರ ಮತಗಳೂ ಬಿದ್ದವು. ಹಾಗೆಂದು ಆ ಆರು ಲಕ್ಷ ಜನರು ಫಲಿತಾಂಶವನ್ನು ಕೇಳಿ ಊರು ಬಿಟ್ಟು ಹೋದರೇನು? ಮರುದಿನ ಬೆಳಿಗ್ಗೆ ಅವರೂ ಅದೇ ಬಸ್ಸನ್ನು ಹತ್ತಿದರು, ಅದೇ ಮಾರುಕಟ್ಟೆಯಲ್ಲಿ ಮೀನು ತರಕಾರಿಗಳನ್ನು ಕೊಂಡರು. ಗೆದ್ದ ಪ್ರತಿನಿಧಿಯು ತನಗೆ ಮತವಿತ್ತವರಿಗೆ ಎಷ್ಟೋ, ಇವರಿಗೂ ಅಷ್ಟೇ ಪ್ರತಿನಿಧಿಯು.

ಇನ್ನು ನಗರದ ಮಾತು. ಮಂಗಳೂರಿಗೆ ಪೌರಸಭೆಯಾದುದು 1866ರಲ್ಲಿ. ಮಹಾನಗರಪಾಲಿಕೆಯ 60 ವಾರ್ಡುಗಳಿಗೆ 2019ರ ನವೆಂಬರಿನಲ್ಲಿ ಚುನಾವಣೆ ನಡೆದು, ಭಾರತೀಯ ಜನತಾ ಪಕ್ಷಕ್ಕೆ 44, ಕಾಂಗ್ರೆಸ್ಸಿಗೆ 14, ಎಸ್.ಡಿ.ಪಿ.ಐ.ಗೆ 2 ಸ್ಥಾನಗಳು ದೊರೆತವು. ಅದಕ್ಕೆ ಮೂರು ತಿಂಗಳ ಹಿಂದೆ, ಆಗಸ್ಟಿನ ಘೋರ ಮಳೆಯಲ್ಲಿ, ಪಚ್ಚನಾಡಿಯಲ್ಲಿ ರಾಶಿಬಿದ್ದಿದ್ದ ನಗರದ ಕಸವು ಕುಸಿದು ಮಂದಾರದ ಕಡೆಗೆ ಹರಿಯಿತು. ಅಡಿಕೆ ತೆಂಗುಗಳ ತೋಟಗಳು ಅದರಡಿಯಲ್ಲಿ ಮುಚ್ಚಿಹೋದವು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಆ ಕಸದಲ್ಲಿ ಯಾವ ಪಕ್ಷದವರ ಮನೆಯದು ಎಷ್ಟು ಎಂದು ಯಾರು ವಿಂಗಡಿಸಿಯಾರು? ಅದೇ ವರುಷದ ಬೇಸಗೆಯಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಗ್ಗಿ, ಸರದಿಯ ಮೇಲೆ ನೀರು ಬಿಟ್ಟಾಗಲೂ ಎಲ್ಲ ಪಕ್ಷದವರ ಕೊಡಗಳೂ ಒಂದೇ ರೀತಿಯಾಗಿ ಬರಿದಾಗಿದ್ದವು. ಕಷ್ಟವು ಒಟ್ಟಿಗೆ ಬರುವಾಗ ಪರಿಹಾರವನ್ನು ಬೇರೆಬೇರೆಯಾಗಿ ಹುಡುಕುವುದು ಜಾಣತನವಲ್ಲ.

ಮುಖಂಡರ ಸಲುವಾಗಿ ಸ್ನೇಹವನ್ನು ಕಡಿದುಕೊಳ್ಳುವವರು ಚಾಮರಾಜನಗರದ ಸೀಮೆಯ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಲಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣರಿಗೆ 40,752 ಮತಗಳೂ, ಜನತಾದಳದ ಎ.ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಬಂದವು. ಅಂತರ ಒಂದೇ ಮತ! ಮುಂದೆ ಕೃಷ್ಣಮೂರ್ತಿಯವರೂ ಕಾಂಗ್ರೆಸ್ಸನ್ನೇ ಸೇರಿ, 2023ರಲ್ಲಿ ಕೊಳ್ಳೇಗಾಲದಿಂದ ಶಾಸಕರಾದರು. ಸ್ಪರ್ಧಿಗಳು ಹೀಗೆ ಒಂದೇ ಪಕ್ಷದವರಾದ ಮೇಲೆ, ಅವರಿಗಾಗಿ ಜಗಳವಾಡಿ ಮಾತು ಬಿಟ್ಟ ನೆರೆಯವರ ಗತಿಯೇನು? ಅವರ ನಡುವಣ ಬೇಲಿ ಮಾತ್ರ ಉಳಿದೀತು.

ನಮ್ಮ ಭಾಷೆಯಲ್ಲಿ ಮತವೆಂದರೆ ಓಟೂ ಅಹುದು, ಧರ್ಮವೂ ಅಹುದು. ಮತೀಯ ಕಲಹದಿಂದ ಹಲವು ಸಲ ನೊಂದ ಈ ಊರಿನಲ್ಲಿ ಒಂದು ಮತದ ಜಗಳವು ಇನ್ನೊಂದು ಮತದ ಜಗಳವಾಗಲು ಹೆಚ್ಚು ಹೊತ್ತು ಬೇಕಾಗದು. ಆದುದರಿಂದ ಮನೆಯ ಹಿರಿಯರು ಎಚ್ಚರವಾಗಿರತಕ್ಕದ್ದು.

ಹಾಗಾದರೆ ಭಿನ್ನಾಭಿಪ್ರಾಯವೇ ಬೇಡವೇ ಎಂದು ಕೆಲವರು ಕೇಳಿಯಾರು. ಬೇಡವೆನ್ನುವುದಿಲ್ಲ. ಗೆದ್ದವರ ತಪ್ಪನ್ನು ತೋರಿಸುವುದು ಸೋತವರ ಹಕ್ಕು. ಅವರ ಪರವಾಗಿ ಮತವಿತ್ತವರ ಕರ್ತವ್ಯವೂ ಅದೇ. ಮಾತು ಕೆಲಸದ ಮೇಲೆ ಇರಲಿ, ಮನೆತನದ ಮೇಲೆ ಬೇಡ. ಕಾಯಿದೆಯು ಮತವನ್ನು ಗುಟ್ಟಾಗಿಟ್ಟಿದೆ. ಯಾರಿಗೆ ಹಾಕಿದಿರೆಂದು ನೆರೆಯವರನ್ನು ಕೆದಕುವುದು ಸಭ್ಯತೆಯಲ್ಲ. ವಿಜಯದ ಮೆರವಣಿಗೆಯು ಸೋತವರ ಬಾಗಿಲಲ್ಲಿ ನಿಂತು ಪಟಾಕಿ ಸುಡಬಾರದು. ಹಿರಿಯರು ಊಟದ ಹೊತ್ತಿನಲ್ಲಿ ಆಡಿದ ಹಳಿಯುವ ಮಾತನ್ನೇ ಮಕ್ಕಳು ಶಾಲೆಯಲ್ಲಿ ಆಡುವರು. ಕೈಯಲ್ಲಿರುವ ಫೋನಿಗೆ ಬಂದ ಕುಹಕದ ಬರಹವನ್ನು ಮುಂದಕ್ಕೆ ಕಳುಹಿಸದೆ ಅಲ್ಲಿಯೇ ಅಳಿಸಿದರೆ ಅರ್ಧ ಜಗಳವು ಹುಟ್ಟುವುದೇ ಇಲ್ಲ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬ ಗಾದೆಯನ್ನು ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ. ನಗರಪಾಲಿಕೆಗಳ ಕಾಯಿದೆಯಲ್ಲಿ ವಾರ್ಡು ಸಮಿತಿಗಳಿಗೆ ಅವಕಾಶವಿದೆ. ಎರಡು ಪಕ್ಷಗಳಿಗೆ ದುಡಿದವರೂ ಅಲ್ಲಿ ಜೊತೆಯಾಗಿ ಕುಳಿತು ಚರಂಡಿ, ದೀಪ, ನೀರುಗಳ ಮಾತನ್ನಾಡಿದರೆ ಹಳೆಯ ಮುನಿಸು ತಾನಾಗಿ ಕರಗುವುದು.

ಮತವಿತ್ತವರ ಎಡಗೈಯ ತೋರುಬೆರಳಿಗೆ ಹಚ್ಚುವ ಶಾಯಿಯು ನಮ್ಮ ಮೈಸೂರಿನ ಕಾರ್ಖಾನೆಯದು. 1962ರ ಮಹಾಚುನಾವಣೆಯಿಂದಲೂ ಅದು ಬಳಕೆಯಲ್ಲಿದೆ. ಗೆದ್ದವರಿಗೆ ಒಂದು ಬಣ್ಣ, ಸೋತವರಿಗೆ ಇನ್ನೊಂದು ಬಣ್ಣವೆಂಬುದು ಅದರಲ್ಲಿಲ್ಲ. ಉಗುರು ಬೆಳೆದಂತೆ ಕೆಲವು ವಾರಗಳಲ್ಲಿ ಅದು ತಾನಾಗಿ ಹೋಗುವುದು. ಹಿತ್ತಿಲಲ್ಲಿ ಹಲಸು ಹಣ್ಣಾದಾಗ ನಾಲ್ಕು ತೊಳೆಗಳನ್ನು ಬೇಲಿಯಾಚೆಗೆ ಕೊಡಲು, ಪ್ರಿಯ ವಾಚಕರೇ, ಆ ಗುರುತು ಅಳಿಯುವ ತನಕವೂ ಕಾಯಬೇಕಾಗಿಲ್ಲ.