ಅರ್ಬುದ ರೋಗಿಯ ಅನ್ನ

ಅರ್ಬುದ ರೋಗವು ಮನೆಯೊಂದನ್ನು ಹೊಕ್ಕಾಗ, ವೈದ್ಯರಾರು, ವೆಚ್ಚವೆಷ್ಟು ಎಂಬ ಚಿಂತೆಗಳ ಜೊತೆಯಲ್ಲಿಯೇ ಬಂಧುಬಾಂಧವರ ಬಾಯಿಂದ ಪಥ್ಯದ ದೀರ್ಘ ಪಟ್ಟಿಯೊಂದೂ ಹೊರಡುವುದು ನಮ್ಮ ನಾಡಿನ ವಾಡಿಕೆ. ಮೊಟ್ಟೆ ನಂಜು, ಬದನೆ ನಂಜು, ಮೊಸರು ಶೀತ, ಬೇಳೆ ವಾಯು, ಸಕ್ಕರೆ ತಿಂದರೆ ಗಡ್ಡೆ ಬೆಳೆದೀತು ಎಂದು ಒಬ್ಬೊಬ್ಬರು ಒಂದೊಂದನ್ನು ಬಿಡಿಸುತ್ತ ಹೋಗಿ, ಕಡೆಗೆ ರೋಗಿಯ ತಟ್ಟೆಯಲ್ಲಿ ಉಳಿಯುವುದು ತಿಳಿಸಾರು ಅನ್ನ ಮಾತ್ರ. ಪ್ರೀತಿಯಿಂದಲೇ ಮಾಡಿದ ಈ ಕಾರ್ಯವು ರೋಗಿಗೆ ಎಸಗುವ ಅಪಕಾರ ಅಲ್ಪವಲ್ಲ.

ಚಿಕಿತ್ಸೆಯ ಸ್ವರೂಪವನ್ನು ಅರಿತರೆ ಇದರ ಕಾರಣ ಸ್ಪಷ್ಟವಾಗುವುದು. ಕೀಮೋಥೆರಪಿಯ ಔಷಧಗಳು ಶೀಘ್ರವಾಗಿ ವಿಭಜನೆಗೊಳ್ಳುವ ಜೀವಕೋಶಗಳ ಮೇಲೆ ಎರಗತಕ್ಕವು; ಬಾಯಿಯ ಒಳಪೊರೆ, ಕರುಳಿನ ಒಳಪದರ, ಅಸ್ಥಿಮಜ್ಜೆ ಇವುಗಳ ಕೋಶಗಳೂ ನಿತ್ಯ ನವೀಕರಣಗೊಳ್ಳುವ ಸ್ವಭಾವದವಾದುದರಿಂದ, ಗಡ್ಡೆಯೊಡನೆ ಅವೂ ಪೆಟ್ಟು ತಿಂದು, ಬಾಯಿಹುಣ್ಣು, ಭೇದಿ, ರುಚಿಗೇಡುಗಳು ತಲೆದೋರುವುವು. ವಿಕಿರಣವು ತಾನು ಬಿದ್ದ ಎಡೆಯನ್ನಷ್ಟೇ ಬಾಧಿಸುವುದಾದರೂ, ತಂಬಾಕು ಅಡಿಕೆಗಳ ದೆಸೆಯಿಂದ ಬಾಯಿ ಗಂಟಲುಗಳ ಅರ್ಬುದ ಬಹಳವಾಗಿರುವ ನಮ್ಮಲ್ಲಿ ಆ ಎಡೆಯು ಅನ್ನದ ದಾರಿಯೇ ಆಗಿರುತ್ತದೆ. ವಾರಕ್ಕೆ 5 ದಿನಗಳಂತೆ ಸಾಮಾನ್ಯವಾಗಿ 6–7 ವಾರ ನಡೆಯುವ ಆ ಚಿಕಿತ್ಸೆಯ ಎರಡು ಮೂರನೆಯ ವಾರದ ಹೊತ್ತಿಗೆ ಜೊಲ್ಲು ಬತ್ತಿ, ಬಾಯೆಲ್ಲ ಹುಣ್ಣಾಗಿ, ಗುಟುಕು ನೀರೂ ಮುಳ್ಳಿನಂತೆ ಇಳಿಯತೊಡಗುವುದು. ಕಿರಣವು ಅತ್ತಿತ್ತ ಬೀಳದಂತೆ, ಮುಖದ ಅಚ್ಚಿಗೆ ಸರಿಯಾಗಿ ಮಾಡಿದ ಜಾಲರಿಯ ಮುಖವಾಡದಲ್ಲಿ ರೋಗಿಯ ತಲೆಯನ್ನು ಬಿಗಿದಿರುತ್ತಾರೆ. ಕೆನ್ನೆ ಕತ್ತುಗಳು ಸೊರಗಿ ಅದು ಸಡಿಲವಾಯಿತೆಂದರೆ, ಎಷ್ಟೋ ಸಲ ಮುಖವಾಡವನ್ನೂ ಕಿರಣದ ಲೆಕ್ಕವನ್ನೂ ಹೊಸದಾಗಿ ಮಾಡಬೇಕಾಗುತ್ತದೆ. ತೂಕವಿಳಿದವರಲ್ಲಿ ಔಷಧದ ದುಷ್ಪರಿಣಾಮಗಳು ಹೆಚ್ಚಿ, ಚಿಕಿತ್ಸೆಯನ್ನೇ ನಡುವೆ ನಿಲ್ಲಿಸಬೇಕಾಗಿ ಬರುವುದೂ ಉಂಟು.

ಸಕ್ಕರೆಯ ಭಯದ ಬಗೆಗೆ ಒಂದು ಮಾತು. ದೇಹದ ಸಕಲ ಕೋಶಗಳಿಗೂ ಗ್ಲೂಕೋಸು ಬೇಕು. ಹೊರಗಿನಿಂದ ಅದು ಬಾರದಿದ್ದರೆ ದೇಹವು ತನ್ನ ಮಾಂಸಖಂಡವನ್ನೇ ಕರಗಿಸಿ ಅದನ್ನು ತಯಾರಿಸಿಕೊಳ್ಳುವುದು. ಆದುದರಿಂದ ಉಪವಾಸದಲ್ಲಿ ಸೊರಗುವವನು ರೋಗಿಯೇ ಹೊರತು ಗಡ್ಡೆಯಲ್ಲ. ಮಧುಮೇಹವುಳ್ಳವರ ಮಾತು ಬೇರೆ.

ಚಿಕಿತ್ಸೆಯ ಕಾಲದಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 25–30 ಕಿಲೋಕ್ಯಾಲರಿ ಶಕ್ತಿಯೂ, 1ರಿಂದ 1.5 ಗ್ರಾಂ ಪ್ರೋಟೀನೂ ಬೇಕೆಂಬುದು ತಜ್ಞರ ಸಾಮಾನ್ಯ ಅಳತೆ. 50 ಕಿಲೋ ತೂಗುವವರಿಗೆ ಇದು 50–75 ಗ್ರಾಂ ಪ್ರೋಟೀನು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ತಿಳಿಸಾರು ಈ ಲೆಕ್ಕವನ್ನು ಎಂದಿಗೂ ತುಂಬಲಾರದು. ರಾಗಿಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಕುದಿಸಿ ಒಂದು ಚಮಚ ತುಪ್ಪ ಬೆರೆಸುವುದು, ಹೆಸರುಬೇಳೆಯ ಪಾಯಸ, ಮೆತ್ತಗೆ ಕಿವುಚಿದ ಮೊಸರನ್ನ, ಬಾಳೆಹಣ್ಣು ಹಾಕಿ ಕಡೆದ ಹಾಲು, ಇವು ನಮ್ಮ ಅಡುಗೆಮನೆಯ ಸುಲಭ ಸಾಧನಗಳು. ಮೂರು ಹೊತ್ತಿನ ಊಟದ ಬದಲು ಎರಡೆರಡು ಗಂಟೆಗೊಮ್ಮೆ ಅಷ್ಟಷ್ಟೇ ಕೊಡಬೇಕು. ಹುಣ್ಣಿದ್ದಾಗ ಖಾರ, ಹುಣಿಸೆ, ಬಿಸಿ ಬೇಡ. ಒಗ್ಗರಣೆಯ ವಾಸನೆಗೇ ವಾಕರಿಕೆ ಬರುವವರಿಗೆ ಆರಿದ ಆಹಾರವೇ ಹಿತ. ಭೇದಿ ಹತ್ತಿದಾಗ ಹಾಲು ಒಗ್ಗದೆ ಹೋಗಬಹುದು, ಆಗ ಅದನ್ನು ಬಿಡುವುದೇ ಸರಿ. ಕೀಮೋಥೆರಪಿಯ ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣಗಳು ಕುಗ್ಗಿ ಸೋಂಕಿನ ಭಯವಿರುವುದರಿಂದ, ಹಸಿ ಕೋಸಂಬರಿ, ಅರೆಬೆಂದ ಮೊಟ್ಟೆ, ರಸ್ತೆಬದಿಯ ತಿನಿಸುಗಳನ್ನು ದೂರವಿಡಬೇಕು.

ಇಷ್ಟಾದರೂ ನುಂಗಲಾಗದವರಿಗೆ ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸುವುದುಂಟು. ಕೊಳವೆ ಹಾಕಿದರೆ ಮುಗಿಯಿತೆಂದು ಮನೆಯವರು ಅಳುವುದು ಅಕಾರಣ. ಗಂಟಲು ಮಾಯುವವರೆಗೆ ಪ್ರಾಣವನ್ನು ಹಿಡಿದಿಡುವ ಉಪಾಯವದು, ನಿರಾಕರಿಸತಕ್ಕುದಲ್ಲ. ಗುಟ್ಟಾಗಿ ಕುಡಿಸುವ ಕಷಾಯ, ಪುಡಿಗಳು ಔಷಧದೊಡನೆ ಸೆಣಸಬಹುದಾದುದರಿಂದ ಅವನ್ನು ವೈದ್ಯರಿಗೆ ಮುಚ್ಚಿಡಬಾರದು.

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಆಹಾರತಜ್ಞರು ಇದ್ದೇ ಇರುತ್ತಾರೆ. ರೋಗಿಯು ಸೊರಗಿದ ಮೇಲೆ ಅವರನ್ನು ಅರಸದೆ, ಚಿಕಿತ್ಸೆಯ ಮೊದಲ ದಿನವೇ ಕಂಡು ಮಾತಾಡಿರಿ. ವಾರಕ್ಕೊಮ್ಮೆ ರೋಗಿಯ ತೂಕವನ್ನು ಬರೆದಿಟ್ಟು, ಆ ಚೀಟಿಯನ್ನು ವೈದ್ಯರ ಮುಂದೆ ಇಡಿರಿ.