ಸಿರಿಗಿಂತ ಅರಿವು ಮಿಗಿಲು

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಅರಸ ಸೊಲೊಮೋನನ ಪ್ರಸಂಗವೊಂದಿದೆ. ಆಗಷ್ಟೇ ಪಟ್ಟಕ್ಕೆ ಬಂದಿದ್ದ ಅವನಿಗೆ ಗಿಬ್ಯೋನಿನಲ್ಲಿ ದೇವರು ಕನಸಿನಲ್ಲಿ ಕಾಣಿಸಿಕೊಂಡು, ಬೇಕಾದ ವರ ಕೇಳು ಎಂದನಂತೆ. ದೀರ್ಘಾಯುಷ್ಯ, ಐಶ್ವರ್ಯ, ಶತ್ರುನಾಶ ಯಾವುದನ್ನೂ ಅವನು ಕೇಳಲಿಲ್ಲ. ಒಳಿತು ಕೆಡುಕುಗಳನ್ನು ತಿಳಿದು ಪ್ರಜೆಗಳಿಗೆ ನ್ಯಾಯ ಕೊಡಬಲ್ಲ ವಿವೇಕವೊಂದನ್ನೇ ಬೇಡಿದ. ವಿವೇಕವೆಂಬುದು ಪಡೆದವನೊಬ್ಬನ ಸೊತ್ತಲ್ಲ, ಅದು ಇತರರ ಬಾಳಿಗಾಗಿ ಇರುವಂಥದು ಎಂಬ ಮಾತನ್ನು ಈ ಕಥೆ ನೆನಪಿಸುತ್ತದೆ.

ಈ ಮಾತಿಗೆ ಜೀವಂತ ನಿದರ್ಶನವಾಗಿ ಬಾಳಿದ ಮಹಿಳೆಯೊಬ್ಬರು ನಮ್ಮ ಕರ್ನಾಟಕದ ಮಣ್ಣಿನಲ್ಲೇ ಹುಟ್ಟಿದವರು. ಅವರೇ ಪಂಡಿತಾ ರಮಾಬಾಯಿ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರು ಸಂಸ್ಕೃತ ಕಲಿಯಬಾರದೆಂಬ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಪಾಠ ಹೇಳಿದರು. ಬಂಧುಬಳಗ ವಿರೋಧಿಸಿದಾಗ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. ಅಲ್ಲಿಯೇ 1858ರಲ್ಲಿ ರಮಾ ಜನಿಸಿದರು. ಬಂದ ಅತಿಥಿಗಳಿಗೆ, ವಿದ್ಯಾರ್ಥಿಗಳಿಗೆ ಅನ್ನವಿಕ್ಕಿ ಶಾಸ್ತ್ರಿಗಳ ಆಸ್ತಿ ಕರಗಿತು, ಸಾಲ ಬೆಳೆಯಿತು. ಕುಟುಂಬ ಮನೆ ಬಿಟ್ಟು ಹೊರಟಿತು. ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳಿ ಬಂದದ್ದರಲ್ಲಿ ಹೊಟ್ಟೆ ಹೊರೆಯುತ್ತಿದ್ದರು. ಅಲೆದಾಟದ ಆ ದಿನಗಳಲ್ಲೇ ತಾಯಿ ಮಗಳಿಗೆ ಸಂಸ್ಕೃತ ಕಲಿಸಿದರು. ಆ ಮನೆಯಲ್ಲಿ ಮಗಳಿಗೆ ಕೊಡಲು ಬೇರೇನೂ ಇರಲಿಲ್ಲ.

1874ರ ಸುಮಾರಿಗೆ ಕ್ಷಾಮದ ಬವಣೆಯಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲೇ ದೇಶ ಸುತ್ತುತ್ತಾ 1878ರಲ್ಲಿ ಕಲ್ಕತ್ತ ಸೇರಿದರು. ಕೈಯಲ್ಲಿ ಕಾಸಿಲ್ಲದ ಆ ಯುವತಿಯ ಪಾಂಡಿತ್ಯಕ್ಕೆ ಅಲ್ಲಿನ ವಿದ್ವಾಂಸರು ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ತಂದೆ ತಾಯಿ ಬಿಟ್ಟುಹೋದ ಆಸ್ತಿ ಎಂಥದೆಂಬುದು ಆಗ ಜಗತ್ತಿಗೆ ತಿಳಿಯಿತು.

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲರೊಬ್ಬರನ್ನು ವಿವಾಹವಾದರು. 1882ರಲ್ಲಿ ಪತಿಯೂ ಕಾಲರಾ ಬೇನೆಗೆ ಬಲಿಯಾದಾಗ ಮಡಿಲಲ್ಲಿ ಪುಟ್ಟ ಮಗಳು ಮನೋರಮಾ. ಅದೇ ವರ್ಷ ಪುಣೆಗೆ ಬಂದ ರಮಾಬಾಯಿ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ಮರಾಠಿಯಲ್ಲಿ ಬರೆದ ಪುಸ್ತಕದ ಮಾರಾಟದಿಂದ ಬಂದ ಹಣದ ನೆರವಿನಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿಯೇ ಕ್ರೈಸ್ತಧರ್ಮ ಸ್ವೀಕರಿಸಿದರು. ಆದರೆ ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಚರ್ಚಿನ ಅಧಿಕಾರಕ್ಕಿಂತ ತಮ್ಮ ಆತ್ಮಸಾಕ್ಷಿ ದೊಡ್ಡದೆಂದು ಪತ್ರಗಳಲ್ಲಿ ವಾದ ಮಾಡಿದರು.

1886ರಲ್ಲಿ ಅಮೆರಿಕಕ್ಕೆ ಹೋಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಭಾಷಣ ಮಾಡುತ್ತಾ ತಿರುಗಿದರು. ಸಂಗ್ರಹವಾದ ಹಣದಲ್ಲಿ 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ 'ಶಾರದಾ ಸದನ' ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಕೆಲವು ಬಾಲಕಿಯರು ತಮ್ಮ ಪ್ರಾರ್ಥನೆಯಲ್ಲಿ ಬಂದು ಕೂರುವುದನ್ನು ರಮಾಬಾಯಿ ತಡೆಯಲಿಲ್ಲ. ಮತಾಂತರದ ಶಂಕೆ ಹುಟ್ಟಿ, ತಿಲಕರ 'ಕೇಸರಿ' ಕಟುವಾಗಿ ಟೀಕಿಸಿತು. 1893ರಲ್ಲಿ ಅನೇಕ ಬೆಂಬಲಿಗರು ದೂರ ಸರಿದರು, ಪೋಷಕರು ಹುಡುಗಿಯರನ್ನು ಕರೆದೊಯ್ದರು. ಈ ವಿವಾದದ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯ ಇರಬಹುದು. ಆದರೆ ಜನಮೆಚ್ಚುಗೆ ಕಳೆದುಕೊಂಡರೂ ಅವರು ಕೆಲಸ ಬಿಡಲಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ.

1896-97ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಕ್ಷಾಮದ ಬವಣೆಯಲ್ಲಿ ತಂದೆ ತಾಯಿಯನ್ನು ಕಳೆದುಕೊಂಡಿದ್ದ ಆಕೆಗೆ ಆ ಮಕ್ಕಳ ಸಂಕಟ ಓದಿ ತಿಳಿಯಬೇಕಾದ್ದೇನೂ ಆಗಿರಲಿಲ್ಲ. ಪುಣೆ ಬಳಿಯ ಕೇಡಗಾಂವ್‌ನಲ್ಲಿ 'ಮುಕ್ತಿ' ಆಶ್ರಯಧಾಮ ಬೆಳೆಯಿತು. ಅಲ್ಲಿ ಅಕ್ಷರದ ಜೊತೆಗೆ ನೇಯ್ಗೆ, ಹೊಲಿಗೆ, ಬೇಸಾಯ, ಮುದ್ರಣ ಎಲ್ಲವನ್ನೂ ಕಲಿಸಲಾಯಿತು. ಅಂಧ ಬಾಲಕಿಯರಿಗೆ ಬ್ರೈಲ್ ಲಿಪಿಯ ಪಾಠವೂ ಇತ್ತು. ಅನ್ನ ಹಾಕಿದರಷ್ಟೇ ಸಾಲದು, ದುಡಿದು ತಿನ್ನುವ ಶಕ್ತಿ ಬರಬೇಕು ಎಂಬುದೇ ಇದರ ಹಿಂದಿನ ತಿಳಿವಳಿಕೆ. ತಾಯ್ನೆಲದ ನಂಟೂ ಕಡಿಯಲಿಲ್ಲ. 1912ರಲ್ಲಿ ಗುಲ್ಬರ್ಗದಲ್ಲಿ ಶಾಲೆ ಆರಂಭವಾಗಿ, ಮಗಳು ಮನೋರಮಾ ಅದರ ಹೊಣೆ ಹೊತ್ತರು.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಸರಳ ಮರಾಠಿಗೆ ಇಡೀ ಬೈಬಲನ್ನು ಅನುವಾದಿಸಿದರು. ಮೂರು ಖಂಡಗಳ ಪಂಡಿತರೊಡನೆ ಸರಿಸಮನಾಗಿ ಮಾತಾಡಿದ್ದ ವಿದುಷಿ ತಮ್ಮ ಪಾಂಡಿತ್ಯವನ್ನು ಕೊನೆಗೆ ಬಳಸಿದ್ದು ಹೀಗೆ. 1919ರಲ್ಲಿ ಕೈಸರ್-ಇ-ಹಿಂದ್ ಪದಕ ಬಂತು. 1921ರಲ್ಲಿ ಮಗಳು ಕಣ್ಮುಚ್ಚಿದರು. ಮರುವರ್ಷ ಏಪ್ರಿಲ್ 5ರಂದು ತಾಯಿಯೂ ನಿಧನರಾದರು. 1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಬೈಬಲಿನ ಸೊಲೊಮೋನನ ಕಥೆಗೆ ಇನ್ನೊಂದು ಭಾಗವೂ ಇದೆ. ವಿವೇಕದ ಜೊತೆಗೆ ಕೇಳದಿದ್ದ ಸಂಪತ್ತೂ ಅವನಿಗೆ ಒದಗಿತು; ಮುಪ್ಪಿನಲ್ಲಿ ಅವನು ದಾರಿ ತಪ್ಪಿದ. ವಿವೇಕ ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ, ದಿನವೂ ನಡೆಸಿಕೊಂಡು ಬರಬೇಕಾದ ಬದುಕು.

ಫಲಿತಾಂಶದ ದಿನ ಮನೆಮನೆಯಲ್ಲೂ ಲೆಕ್ಕಾಚಾರ ನಡೆಯುತ್ತದೆ. ಯಾವ ಕೋರ್ಸು ಹಿಡಿದರೆ ಎಷ್ಟು ಸಂಬಳ ಎಂಬ ಪ್ರಶ್ನೆ ತಪ್ಪೇನಲ್ಲ; ಬಡತನವನ್ನು ಉಂಡವರು ಯಾರೂ ಹಣವನ್ನು ಹಗುರವಾಗಿ ಕಾಣಲಾರರು. ಆದರೆ ಕಲಿತ ವಿದ್ಯೆ ಯಾರಿಗೆ ಆಸರೆಯಾದೀತು ಎಂಬ ಪ್ರಶ್ನೆಯನ್ನೂ ಮಕ್ಕಳು ಮತ್ತು ಹೆತ್ತವರು ಜೊತೆಗೇ ಕೇಳಿಕೊಳ್ಳಬೇಕು. ಗಂಗಾಮೂಲದ ಕಾಡಿನಲ್ಲಿ ಹೆಂಡತಿಗೆ ಅಕ್ಷರ ಕಲಿಸಿದ ಒಬ್ಬ ಶಾಸ್ತ್ರಿಯ ಹಟ ಸಾವಿರಾರು ಹೆಣ್ಣುಮಕ್ಕಳಿಗೆ ಸೂರಾಯಿತು.