ಮಗಳ ಪ್ರಾಜೆಕ್ಟು ಮತ್ತು ಮೂರು ಬಾಟಲಿ ಖಾರದಪುಡಿ

ರೊಟ್ಟಿಯ ಹಂಚು ಇಳಿಸಿ, ಒಲೆಕಟ್ಟೆ ಒರೆಸಿ, ಇನ್ನೇನು ಕೂಡಬೇಕು ಅನ್ನುವ ಹೊತ್ತಿಗೆ ಒಂಬತ್ತನೇ ಈಯತ್ತೆಯ ಮಗಳು ಬಂದು ನಿಂತಳು. "ಅವ್ವಾ, ನಾಳೆ ವಿಜ್ಞಾನದ ಮಾಡೆಲ್ ಒಯ್ಯಬೇಕು." ನಿಮ್ಮ ಮನೆಯಲ್ಲೂ ಈ ಮಾತು ರಾತ್ರಿಯೇ ಹುಟ್ಟುತ್ತದೆ ಅಲ್ಲವೇ ಸೋದರಿಯರೇ?

ಅಂಗಡಿ ಮುಚ್ಚುವುದರೊಳಗೆ ನಮ್ಮವರನ್ನು ಓಡಿಸಿದೆ. ಥರ್ಮಾಕೋಲು, ಫೆವಿಕಾಲ್, ಹಸಿರು ಕಾಗದ ಬಂತು. ಮಗಳು ಹತ್ತೂವರೆಗೆ ತೂಕಡಿಸಿದಳು. ನಾನು ಒಂದು ಗಂಟೆಯವರೆಗೆ ಕೂತು ಮಳೆನೀರು ಕೊಯ್ಲಿನ ಮಾಡೆಲ್ ಮಾಡಿದೆ. ಮಾಳಿಗೆ, ಕೊಳವೆ, ಸೋಸುವ ತೊಟ್ಟಿ, ಅಂಗಳದಲ್ಲಿ ಒಂದು ತುಳಸಿಕಟ್ಟೆ ಕೂಡ! ಬಲು ಚಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಶಿಕ್ಷಕಿ ಒಂದೇ ಪ್ರಶ್ನೆ ಕೇಳಿದರಂತೆ. "ತೊಟ್ಟಿಯೊಳಗೆ ಉಸುಕು ಮೇಲೆ, ಜಲ್ಲಿ ಕೆಳಗೆ ಯಾಕೆ ಇಟ್ಟೀ?" ಮಗಳಿಗೆ ಬಾಯಿ ಬರಲಿಲ್ಲ. "ಯಾರು ಮಾಡಿದ್ದು?" ಅಂದಾಗ "ನಮ್ಮವ್ವ" ಅಂದುಬಿಟ್ಟಳು. ಇಡೀ ವರ್ಗ ನಕ್ಕಿತು. ಮನೆಗೆ ಬಂದವಳು ಚೀಲ ಒಗೆದು, "ಮಾರ್ಕ್ಸು ನಿನಗ ಬಂದ್ವು, ನಗಿಸ್ಕೊಂಡಾಕಿ ನಾನು" ಅಂದಳು. ಎರಡು ದಿನ ನನ್ನ ಸಂಗಡ ಮಾತಿಲ್ಲ. ಕೊಳೆಯನ್ನು ಸಣ್ಣ ಉಸುಕು ಹಿಡಿಯುತ್ತದೆ, ಆ ಉಸುಕು ನೀರಿನ ಜೊತೆ ಇಳಿದುಹೋಗದಂತೆ ಜಲ್ಲಿ ತಡೆಯುತ್ತದೆ. ಇಷ್ಟೇ ಉತ್ತರ. ಖರೇ ಹೇಳಬೇಕೆಂದರೆ ಆ ರಾತ್ರಿ ಅದು ನನಗೂ ಗೊತ್ತಿರಲಿಲ್ಲ. ಡಬ್ಬಿಯ ಮೇಲಿನ ಚಿತ್ರ ನೋಡಿ ಅಂಟಿಸಿದ್ದೆ.

ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನದ ನೂರು ಅಂಕಗಳಲ್ಲಿ 80 ಮಾತ್ರ ಬರೆಯುವ ಪರೀಕ್ಷೆಗೆ. ಉಳಿದ 20 ಶಾಲೆಯೊಳಗಿನ ಕೆಲಸಕ್ಕೆ. ಆ ಇಪ್ಪತ್ತರ ಆಸೆಗೇ ನಾವು ತಾಯಂದಿರು ಥರ್ಮಾಕೋಲು ಕೊಯ್ಯುತ್ತ ಕೂಡುವುದು.

ಜನವರಿಯಲ್ಲಿ ತವರಿಗೆ, ಬ್ಯಾಡಗಿಗೆ ಹೋಗಿದ್ದೆವು. ಆ ದಿನಗಳಲ್ಲಿ ಬ್ಯಾಡಗಿಗೆ ಹೋದವರಿಗೆ ಗೊತ್ತು, ಸೀನು ನಿಲ್ಲುವುದೇ ಇಲ್ಲ. ಸೋಮವಾರ, ಗುರುವಾರ ಮಾರುಕಟ್ಟೆಯ ತುಂಬ ಕೆಂಪು ಚೀಲಗಳು. ನಮ್ಮ ಅಣ್ಣ ಹೇಳುತ್ತಿದ್ದ, "ವ್ಯಾಪಾರಸ್ಥ ಮೊದಲು ನೋಡೋದು ಬಣ್ಣ. ಬಣ್ಣ ಹೋತಂದ್ರ ರೇಟು ಹೋತು. ಅದಕ್ಕ ಕೋಲ್ಡ್ ಸ್ಟೋರೇಜಿನ್ಯಾಗ ಇಡತೀವಿ." ಮಗಳು ಫಕ್ಕನೆ ಕೇಳಿದಳು, "ತಂಪಿನ್ಯಾಗ ಬಣ್ಣ ಯಾಕ ಉಳೀತದ ಮಾಮಾ?" ಅಣ್ಣ ನನ್ನ ಮುಖ ನೋಡಿದ. ನಾನು ಅತ್ತಿಗೆಯ ಮುಖ ನೋಡಿದೆ.

ಅಲ್ಲಿಂದ ಶುರುವಾಯಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಮೈ ಸುಕ್ಕು, ಬಣ್ಣ ಗಾಢ, ಖಾರ ಕಡಿಮೆ. 2011ರಲ್ಲಿ ಇದಕ್ಕೆ ಜಿ.ಐ. ಮಾನ್ಯತೆ ಸಿಕ್ಕಿದೆ. ಬಣ್ಣ ಕೊಡುವ ಮುಖ್ಯ ವಸ್ತುವಿಗೆ ಕ್ಯಾಪ್ಸಾಂಥಿನ್ ಎಂದು ಹೆಸರು. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆಯ ಎಣ್ಣೆ ಕೆಂಪಗಾಗುವುದನ್ನು ದಿನಾ ನೋಡುವ ನಮಗೆ ಇದನ್ನು ಬೇರೆ ಯಾರು ಹೇಳಬೇಕು! ಇದೇ ಬಣ್ಣವನ್ನು ತೆಗೆದು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರಂತೆ. ಖಾರದ ವಸ್ತು ಬೇರೆ, ಕ್ಯಾಪ್ಸೈಸಿನ್. ಅದು ಬೀಜದಲ್ಲಿದೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ ಹೆಚ್ಚು.

ಹಾವೇರಿಗೆ ಬಂದ ಮೇಲೆ ಮಗಳು ಒಂದೇ ಚೀಲದ ಕಾಯಿ ಕುಟ್ಟಿಸಿ, ಮೂರು ಗಾಜಿನ ಬಾಟಲಿಗೆ ಸಮನಾಗಿ ಪುಡಿ ತುಂಬಿದಳು. ಒಂದು ಬಿಸಿಲು ಬೀಳುವ ಕಿಟಕಿಯಲ್ಲಿ, ಒಂದು ಕತ್ತಲ ಕಪಾಟಿನಲ್ಲಿ, ಒಂದು ಫ್ರಿಜ್ಜಿನಲ್ಲಿ. ಪ್ರತಿ ರವಿವಾರ ಒಂದೊಂದರಿಂದ ಒಂದು ಚಮಚ ಪುಡಿ ತೆಗೆದು, ಎರಡು ಚಮಚ ಬೆಚ್ಚನೆಯ ಎಣ್ಣೆಯಲ್ಲಿ ನೆನೆಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟು ತಾರೀಖು ಬರೆಯುವುದು. ಎಣ್ಣೆ ಕಾಯಬಾರದು, ಬೆಚ್ಚಗಿದ್ದರೆ ಸಾಕು. ಕೈಗೆ ಮೊದಲು ಕೊಬ್ಬರಿಎಣ್ಣೆ ಸವರಿಕೊಳ್ಳಿ, ಕಣ್ಣು ಮುಟ್ಟಬೇಡಿ. ನಾನು ಮಾಡಿದ ಸಹಾಯ ಇಷ್ಟೇ. ಬಾಕಿ ಹೊತ್ತು ಕೈ ಕಟ್ಟಿಕೊಂಡು ಕೂತಿದ್ದೆ. ಅದು ಥರ್ಮಾಕೋಲು ಕೊಯ್ಯುವುದಕ್ಕಿಂತ ಕಷ್ಟದ ಕೆಲಸ.

ಹನ್ನೆರಡನೇ ದಿನ ನಮ್ಮ ಅತ್ತೆಯವರು ಕಪಾಟಿನ ಬಾಟಲಿ ತೆಗೆದು ಬದನೆಕಾಯಿ ಪಲ್ಯಕ್ಕೆ ಸುರಿದರು. ಮಗಳು ಅತ್ತಳು. ಉಳಿದ ಪುಡಿ ಅದೇ ಕಪಾಟಿನ ಡಬ್ಬಿಯಲ್ಲೇ ಇದ್ದುದರಿಂದ ಬಾಟಲಿ ಮತ್ತೆ ತುಂಬಿತು. "ಎರಡನೇ ಬಾಟಲಿ 12ನೇ ದಿನ ಅಜ್ಜಿಯಿಂದ ಖರ್ಚಾಯಿತು" ಎಂದು ವಹಿಯಲ್ಲಿ ಬರೆಯಬೇಕೋ ಬೇಡವೋ ಎಂದು ಕೇಳಿದಳು. ಆದದ್ದನ್ನು ಬರಿ ಅಂದೆ.

ರಾಣೆಬೆನ್ನೂರಿನ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವಳದು ಬೇರೆ ಕಥೆ. ಅವಳ ಮಗನ ಪುಸ್ತಕದಲ್ಲಿ ಪರಾಗಸ್ಪರ್ಶದ ಚಿತ್ರ, ಅದನ್ನು ಚಾರ್ಟಿನ ಮೇಲೆ ಬಿಡಿಸಲಿಕ್ಕೆ ಇವಳು ಬಣ್ಣ ತಂದಿದ್ದಾಳೆ. "ಹುಚ್ಚಿ, ನಿಮ್ಮೂರ ಸುತ್ತ ಹೊಲದ ತುಂಬ ಹೆಣ್ಣುಮಕ್ಕಳು ಕ್ರಾಸಿಂಗ್ ಮಾಡತಾರ, ಕರಕೊಂಡು ಹೋಗಿ ತೋರಸು" ಅಂದೆ. ಹೈಬ್ರಿಡ್ ಹತ್ತಿಬೀಜ ಮಾಡುವಲ್ಲಿ ಸಂಜೆ ಮೊಗ್ಗು ಬಿಡಿಸಿ ಉಗುರಿನಿಂದ ಕೇಸರ ತೆಗೆದಿಟ್ಟು, ಮರುದಿನ ಬೆಳಿಗ್ಗೆ ಗಂಡುಗಿಡದ ಹೂವಿನ ಪರಾಗ ಸವರುತ್ತಾರೆ. ಹತ್ತಿಯ ವರಲಕ್ಷ್ಮಿ ತಳಿ 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರಿಂದ ಬಂದದ್ದು. ಅಂಥ ಹೈಬ್ರಿಡ್ ಬೀಜಗಳು ಕೂಲಿಗೆ ಹೋಗುವ ನಮ್ಮ ಹೆಂಗಸರ ಬೆರಳುಗಳಿಂದಲೇ ಊರೂರಿಗೆ ಹೋದವು. ಹುಡುಗ ಹೋಗಿ, ಒಬ್ಬ ಅಜ್ಜಿಯಿಂದ ಹತ್ತು ಹೂವು ಕಲಿತು ಬಂದನಂತೆ. ಆರು ಕೆಡಿಸಿದ, ನಾಲ್ಕು ಕಾಯಾದವು.

ಮೆಣಸಿನಕಾಯಿಯೂ ಹತ್ತಿಯೂ ಇಲ್ಲದ ಊರಿನವರು ಆರತಿ ತಟ್ಟೆಯನ್ನೇ ನೋಡಿ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತದೆ. ಅದಕ್ಕೇ ನಿಂಬೆರಸ ಹಿಂಡಿ, ಮತ್ತೆ ಹಳದಿಯಾಗುತ್ತದೆ. ಆಮ್ಲ, ಪ್ರತ್ಯಾಮ್ಲದ ಪಾಠ ಪೂರಾ ಅದರಲ್ಲೇ ಇದೆ. ತಮ್ಮ ಊರಿನ ಇಂಥ ಪ್ರಶ್ನೆ ಹಿಡಿದು ಕೆಲಸ ಮಾಡುವ ಮಕ್ಕಳಿಗಾಗಿಯೇ 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆದುಬಂದಿದೆ. ಶಾಲೆಯಲ್ಲಿ ವಿಚಾರಿಸಿರಿ.

ಆರು ವಾರವಾದ ಮೇಲೆ ನಮ್ಮ ಕಿಟಕಿಯ ಬಾಟಲಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಕಪಾಟಿನದು ತುಸು ಮಂಕು. ಫ್ರಿಜ್ಜಿನದು ನಿನ್ನೆ ಕುಟ್ಟಿದಂತೆ. ಎಣ್ಣೆಯ ಹನಿಗಳ ಕಾಗದ ಒಯ್ದು ಮಗಳು ತಾನೇ ವರ್ಗದ ಮುಂದೆ ನಿಂತು ಹೇಳಿದಳು. ಅಜ್ಜಿಯ ಸಾಲು ಬಂದಾಗ ಮತ್ತೆ ಎಲ್ಲರೂ ನಕ್ಕರಂತೆ, ಈ ಸಲ ಅವಳೂ ನಕ್ಕಳಂತೆ.

ಶಿಕ್ಷಕಿ ಈ ಬಾರಿಯೂ ಒಂದೇ ಪ್ರಶ್ನೆ ಕೇಳಿದರು. "ಕಿಟಕಿಯಲ್ಲಿ ಬೆಳಕೂ ಇತ್ತು, ಬಿಸಿಯೂ ಇತ್ತು. ಬಣ್ಣ ಕೆಡಿಸಿದ್ದು ಯಾವುದು?" ಮಗಳು "ಗೊತ್ತಿಲ್ಲ ಟೀಚರ್, ನೋಡಿ ಹೇಳತೀನಿ" ಅಂದು ಬಂದಳು.

ಈಗ ಅದೇ ಕಿಟಕಿಯಲ್ಲಿ ಎರಡು ಬಾಟಲಿ ಇವೆ, ಒಂದಕ್ಕೆ ಕರಿ ಕಾಗದ ಸುತ್ತಿದೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ "ಅಜ್ಜೀ, ಇದು ಅಡಿಗಿಗೆ ಅಲ್ಲ" ಎಂದು ಚೀಟಿ ಹಚ್ಚಿದ್ದಾಳೆ.